ಒರಳಿನ ಪಕ್ಕ ನನ್ನ ತಣಿಗೆ

ನಾನು ಸಸ್ಯಾಹಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗಳ ಮದುವೆಯಾಗಿ, ಹೆಬ್ಬಾಳದ ಕಡೆಯ ಒಂದು ಛತ್ರದಲ್ಲಿ ಬೀಗರ ಊಟ ಇಟ್ಟುಕೊಂಡಿದ್ದರು. ಬಾಡೂಟದ ಸಾಲಿನಲ್ಲಿ ನಾನೂ ಎಲೆಯ ಮುಂದೆ ಕುಳಿತೆ. ಬಾಡು ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ನಾನು ಮಾಡಿದ್ದು ಅಷ್ಟೇ. ಗಂಡಿನ ಕಡೆಯ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು.

"ಅಯ್ಯೋ ಅಜ್ಜಿ, ನೀವು ವೆಜ್ಜಾ? ಮೊದಲೇ ಹೇಳಬಾರದಾ? ವೆಜ್ಜಿನವರಿಗೆ ಮೇಲ್ಗಡೆ ಬೇರೆ ಮಾಡ್ಸಿದೀವಿ, ಏಳಿ, ಏಳಿ."

ತೋಳು ಹಿಡಿದು ಎಬ್ಬಿಸಲು ನೋಡಿದಳು. ನಾನು ಏಳಲಿಲ್ಲ. ಪಾಪ, ಅವಳು ಮರ್ಯಾದೆಗೇ ಹೇಳಿದ್ದು, ನನಗೂ ಗೊತ್ತು. ಆದರೆ ಊಟದ ಸಾಲಿನಿಂದ ಏಳು ಎಂದು ಯಾರಾದರೂ ಹೇಳಿದರೆ ಈ ವಯಸ್ಸಿನಲ್ಲೂ ನನ್ನ ಮೈ ಉರಿದುಹೋಗುತ್ತದೆ. ನಾನು ಹನ್ನೊಂದು ವರ್ಷದವಳಿದ್ದಾಗ ಎರಡು ಕಡೆ ನನ್ನನ್ನು ಸಾಲಿನಿಂದ ಎಬ್ಬಿಸಿದ್ದರು. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಸ್ಕೂಲಿನಲ್ಲಿ. ಎರಡಕ್ಕೂ ಕಾರಣ ನನ್ನ ಹೊಟ್ಟೆ. ಹೊಟ್ಟೆಯ ವಿಷಯ, ಅದರಲ್ಲೂ ಹೆಂಗಸಾದವಳು, ಪುಸ್ತಕದಲ್ಲಿ ಬರೆಯಬಾರದು ಎನ್ನುವವರು ಈ ಅಧ್ಯಾಯ ಬಿಟ್ಟು ಮುಂದಕ್ಕೆ ಹೋಗಬಹುದು. ನಾನಂತೂ ಬರೆಯುವವಳೇ.

ನಮ್ಮ ಮನೆ ಇದ್ದದ್ದು ಮೈಸೂರಿನ ಅಂಚಿನ ಕೆಸರೆಯಲ್ಲಿ. ಈಗ ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಮನೆಗಳಿವೆ. ನಾನು ಹೇಳುವ ಕಾಲಕ್ಕೆ ಅದು ಬೀದಿದೀಪದ ಕಂಬ ಮುಗಿದು ಹೊಲ ಶುರುವಾಗುವ ಜಾಗ. ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎಡಕ್ಕೆ ಅಡಿಗೆಮನೆ, ಹಿಂದಕ್ಕೆ ಹಿತ್ತಿಲ ಪಡಸಾಲೆ. ಪಡಸಾಲೆಯಲ್ಲಿ ನೆಲಕ್ಕೆ ಹೂತಿದ್ದ ಒರಳು, ಅದರ ಪಕ್ಕ ಸೌದೆ, ಸೌದೆಯ ಮೇಲೆ ಯಾವಾಗಲೂ ಒಂದು ಕೋಳಿ. ಹಿತ್ತಿಲಿನಾಚೆ ಬಾವಿ. ಬಾವಿಯ ಸುತ್ತ ನಮ್ಮ ಸೊಪ್ಪಿನ ಮಡಿಗಳು: ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ. ನಾವು ಸೊಪ್ಪಿನವರು. ಮಾರ್ಕೆಟ್ಟಿನಲ್ಲಿ ನಮ್ಮನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ, ಕೆಸರೆ ಸೊಪ್ಪಿನವರು ಎಂದೇ ಕರೆಯುತ್ತಿದ್ದರು. ಅಪ್ಪ ಬೆಳಕು ಹರಿಯುವ ಹೊತ್ತಿಗೆ ಗಾಡಿ ಕಟ್ಟಿಕೊಂಡು ಹೊರಟರೆ, ಗಾಡಿ ಹೋದ ದಾರಿಯುದ್ದಕ್ಕೂ ಸೊಪ್ಪಿನಿಂದ ಸೋರಿದ ನೀರಿನ ಗೆರೆ ಇರುತ್ತಿತ್ತು. ಮೈಸೂರಿನ ಅರ್ಧ ಮನೆಗಳ ಪಲ್ಯ ನಮ್ಮ ಬಾವಿಯ ನೀರು ಕುಡಿದು ಬೆಳೆದದ್ದು ಎಂದು ಅಪ್ಪ ಬೀಗುತ್ತಿದ್ದರು.

ಆದರೆ ನಮ್ಮ ಮನೆಯಲ್ಲಿ ಸೊಪ್ಪು ತಿನ್ನುತ್ತಿರಲಿಲ್ಲ. ಕೇಳಿದವರು ನಗಬಹುದು, ಇದು ಮಾತ್ರ ನಿಜ. ಸೊಪ್ಪು ಮಾರುವುದಕ್ಕೆ, ಬಾಡು ಉಣ್ಣುವುದಕ್ಕೆ. ಇದು ನಮ್ಮಜ್ಜಿಯ ಕಾನೂನು. ಮಾರಿ ಉಳಿದ ಕಟ್ಟುಗಳು ಬಾಡಿಹೋಗಿ ವಾಪಸು ಬಂದರೆ ಎಮ್ಮೆಗೆ ಹಾಕುತ್ತಿದ್ದರೇ ಹೊರತು ಒಲೆಯ ಮೇಲೆ ಏರಿಸುತ್ತಿರಲಿಲ್ಲ. ಅಜ್ಜಿಯ ಹೆಸರು ಚಿಕ್ಕತಾಯಮ್ಮ. ಗುಂಡಗಿನ ಮೈ, ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಸೌಟು. ತಾತ ತೀರಿಕೊಂಡ ಮೇಲೆ ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ಒಂದು ಮಣೆ ಹಾಕಿಕೊಂಡು ಕುಳಿತವಳು, ಯಾರ ತಣಿಗೆಗೆ ಏನು ಬೀಳಬೇಕೆಂದು ಅಲ್ಲಿಂದಲೇ ತೀರ್ಮಾನಿಸುತ್ತಿದ್ದಳು. ತಣಿಗೆ ಎಂದರೆ ನಮ್ಮ ಕಡೆ ಊಟದ ತಟ್ಟೆ. ಭಾನುವಾರ ಬಾಡು, ಬುಧವಾರ ಮೊಟ್ಟೆಯೋ ಒಣಮೀನಿನ ಸಾರೋ, ನೆಂಟರು ಬಂದ ದಿನ ಕೋಳಿ. ಸೋಮವಾರ ಮತ್ತು ಶನಿವಾರ ದೇವರ ಹೆಸರಿನಲ್ಲಿ ಬರೀ ಹುರುಳಿಕಾಳಿನ ಸಾರು. ಆ ಎರಡು ದಿನ ಅಜ್ಜಿಯ ಮುಖ ಸಪ್ಪಗಿರುತ್ತಿತ್ತು. ಭಾನುವಾರ ನಡುಮನೆಯಲ್ಲಿ ನಾವೆಲ್ಲ ಸಾಲಾಗಿ ಕುಳಿತಾಗ ಅವಳ ಸಂಭ್ರಮ ನೋಡಬೇಕಿತ್ತು. ಅಪ್ಪನಿಗೆ ನಲ್ಲಿಮೂಳೆ, ಚಿಕ್ಕಪ್ಪನಿಗೆ ಬೋಟಿ, ಮಕ್ಕಳಿಗೆ ಮೆತ್ತಗಿನ ಈಲಿ ತುಂಡು. ಬೇಡ ಎಂದರೂ ಎರಡು ಸೌಟು ಹೆಚ್ಚಿಗೆ. ಅವಳ ಪ್ರೀತಿಯೆಲ್ಲ ಸೌಟಿನಿಂದಲೇ ಬರುತ್ತಿದ್ದದ್ದು, ಬಾಯಿಂದ ಬೈಗುಳ ಮಾತ್ರ.

ನನ್ನ ಕಷ್ಟ ಭಾನುವಾರ ಸಂಜೆಗೆ ಶುರುವಾಗುತ್ತಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಳ್ಳುತ್ತಿತ್ತು. ಸೋಮವಾರ ಹಿತ್ತಿಲ ಕಡೆಗೆ ಹೋಗಿ ಕುಳಿತರೆ ಬರೀ ತಿಣುಕುವುದು, ಮಂಗಳವಾರವೂ ಅದೇ ಪಾಡು. ಬುಧವಾರದ ಮೊಟ್ಟೆ ಬೀಳುವ ಹೊತ್ತಿಗೆ ಹಿಂದಿನದೇ ಹೊರಗೆ ಹೋಗಿರುತ್ತಿರಲಿಲ್ಲ. ಹುಳಿತೇಗು, ತಲೆನೋವು, ಸ್ಕೂಲಿನಲ್ಲಿ ಡೆಸ್ಕಿಗೆ ಹೊಟ್ಟೆ ಒತ್ತಿಕೊಂಡು ಕೂರುವುದು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ತಿಂದು ಗುಂಡುಕಲ್ಲಿನಂತಿದ್ದರು, ಆದ್ದರಿಂದ ತಪ್ಪು ನನ್ನದೇ ಆಯಿತು. ಅಜ್ಜಿ ನನ್ನ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದಳು. ಆ ಎಣ್ಣೆಯ ವಾಸನೆ ನೆನೆದರೆ ಈಗಲೂ ಗಂಟಲು ಮುಚ್ಚಿಕೊಳ್ಳುತ್ತದೆ. ಕೊನೆಗೊಮ್ಮೆ ನಾನು ಸ್ಕೂಲಿನಲ್ಲಿ ನೋವಿಗೆ ಬವಳಿ ಬಂದು ಬಿದ್ದಾಗ, ಅಪ್ಪ ಗಾಡಿಯಲ್ಲಿ ಕೂರಿಸಿಕೊಂಡು ಪೇಟೆಯ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಜ್ಜಿಯೂ ಬಂದಳು. ಡಾಕ್ಟರು ಹೊಟ್ಟೆ ಅದುಮಿ ನೋಡಿ, ಏನೇನು ತಿನ್ನುತ್ತೀಯ ಎಂದು ನನ್ನನ್ನೇ ಕೇಳಿದರು.

"ಈ ಮಗೂಗೆ ಬಾಡು ಆಗಿಬರಲ್ಲ ಕಣಮ್ಮ. ಬಿಡಿಸಿ ನೋಡಿ. ಸೊಪ್ಪು, ಕಾಳು, ಹಿಟ್ಟು, ಮಜ್ಜಿಗೆ ಕೊಡಿ. ಔಷಧಿ ಬೇಕಾಗಲ್ಲ."

ಅಜ್ಜಿ ಅಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಗಾಡಿ ಹತ್ತಿದ ಮೇಲೆ ಕೆಸರೆ ಸಿಕ್ಕುವವರೆಗೂ ಬಾಯಿ ಮುಚ್ಚಲಿಲ್ಲ.

"ನಮ್ ಸೊಪ್ನ ನಮಗೇ ತಿನ್ನು ಅಂತಾನಲ್ಲ, ಇದನ್ ಕೇಳಕ್ಕೆ ಪ್ಯಾಟೆಗಂಟ ಬರಬೇಕಿತ್ತಾ? ಔಸ್ತಿ ಕೊಡಕ್ ಬರ್ದೇ ಇರೋನು ಅಂಗೇ ಅನ್ನೋದು. ಮನೆಗ್ ನಡಿ, ಒಂದು ತಲೆಮಾಂಸದ ಸಾರು ಮಾಡಾಕ್ತೀನಿ, ಎಲ್ಲಾ ಸರೋಯ್ತದೆ."

ನಾನು ಮಾತ್ರ ಡಾಕ್ಟರ ಮಾತನ್ನು ಗಂಟು ಹಾಕಿಕೊಂಡೆ. ಸೊಪ್ಪಿನ ಅಡಿಗೆ ನಮ್ಮ ಮನೆಯಲ್ಲಿ ಪೂರ್ತಿ ಇರಲಿಲ್ಲವೆಂದಲ್ಲ, ಕದ್ದು ಇತ್ತು. ನಮ್ಮವ್ವ ಎಲ್ಲರದೂ ಊಟವಾದ ಮೇಲೆ ಉಣ್ಣುವವಳು. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಮೂಳೆ ಉಳಿದಿದ್ದರೆ ಪುಣ್ಯ. ಅವಳು ಕಳೆ ಕೀಳುವಾಗ ಮಡಿಲಿಗೆ ಹಾಕಿಕೊಂಡ ಒಂದು ಹಿಡಿ ಸೊಪ್ಪನ್ನು ಹಿತ್ತಿಲಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ, ಹೆಸರುಕಾಳಿನ ಜೊತೆ ಬೇಯಿಸಿಕೊಳ್ಳುತ್ತಿದ್ದಳು. ಬೆಂದ ನೀರು ಬಸಿದು, ಅದಕ್ಕೆ ಖಾರ ಅರೆದು ಹಾಕಿ ಬಸ್ಸಾರು. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ನಾನು ಎರಡು ವಾರ ನನ್ನ ತಣಿಗೆಯ ಬಾಡನ್ನು ತಮ್ಮನ ತಣಿಗೆಗೆ ದಾಟಿಸಿ, ಆಮೇಲೆ ಅವ್ವನ ಜೊತೆ ಹಿತ್ತಿಲಲ್ಲಿ ಕುಳಿತು ಬಸ್ಸಾರಿನ ಜೊತೆ ಹಿಟ್ಟು, ಅಂದರೆ ರಾಗಿಮುದ್ದೆ, ಉಂಡೆ. ಹತ್ತನೆಯ ದಿನವೋ ಏನೋ, ಬೆಳಿಗ್ಗೆ ಎದ್ದು ಹೋದವಳು ಎರಡೇ ನಿಮಿಷಕ್ಕೆ ವಾಪಸು ಬಂದೆ. ಅಬ್ಬಾ, ಆ ದಿನದ ಸುಖ! ರಾಜ್ಯ ಗೆದ್ದವರಿಗೂ ಅಷ್ಟು ಹಗುರ ಅನ್ನಿಸಿರಲಾರದು. ಕುಣಿಯುತ್ತ ಬಂದು ಅವ್ವನಿಗೆ ಹೇಳಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅಜ್ಜಿಗೆ ಮಾತ್ರ ಹೇಳಬೇಡ ಎಂದಳು.

ಕದ್ದು ಉಣ್ಣುವುದು ನನಗೆ ಒಗ್ಗಲಿಲ್ಲ. ಮುಂದಿನ ಭಾನುವಾರ ಸಾಲಿನಲ್ಲಿ ಕುಳಿತು, ಅಜ್ಜಿಯ ಸೌಟು ನನ್ನ ತಣಿಗೆಯ ಮೇಲೆ ಬಂದಾಗ, ಕೈ ಅಡ್ಡ ಹಿಡಿದೆ. ಬಿಸಿ ಸಾರು ಕೈಮೇಲೆ ಬಿತ್ತು. ತೆಗೆಯಲಿಲ್ಲ.

"ನಂಗ್ ಬ್ಯಾಡ ಅಜ್ಜಿ. ನಾನಿನ್ ಮೇಲೆ ಬಾಡು ತಿನ್ನಲ್ಲ."

"ಯಾಕಮ್ಮಿ? ಏನಾಗೈತೆ ಬಾಡಿಗೆ?"

"ಬಾಡಿಗೇನೂ ಆಗಿಲ್ಲ. ನನ್ ಹೊಟ್ಟೆಗ್ ಆಗಲ್ಲ."

"ಈ ಮನೇಲಿ ಯಾರ್ ಒಟ್ಟೇಗೂ ಆಗ್ದೇ ಇರೋದು ನಿಂಗೊಬ್ಳಿಗ್ ಆಯ್ತಾ? ಇಸ್ಕೂಲಿಗ್ ಕಳ್ಸಿದ್ದು ತೆಪ್ಪಾಯ್ತು. ಯಾರ್ ಮನೆ ಮಕ್ಕಳ ಜೊತೆ ಸೇರ್ಕೊಂಡು ಈ ಬುದ್ಧಿ ಕಲ್ತೆ? ನಾವ್ ತಿನ್ನೋದು ನೋಡಿ ನಿಂಗೆ ನಾಚ್ಕೆ ಆಯ್ತದಾ?"

ನಾಚಿಕೆ ಎನ್ನುವ ಮಾತು ಎಲ್ಲಿಂದ ಬಂತೆಂದು ನನಗೆ ಆಗ ಅರ್ಥವೇ ಆಗಲಿಲ್ಲ. ಅಪ್ಪನ ಮುಖ ನೋಡಿದೆ. ಅಪ್ಪ ಮೂಳೆ ಚೀಪುವುದನ್ನು ನಿಲ್ಲಿಸಿ ತಣಿಗೆಯನ್ನೇ ನೋಡುತ್ತಿದ್ದರು. ಅಜ್ಜಿ ಸೌಟನ್ನು ಪಾತ್ರೆಗೆ ಎಸೆದು ಬಾಗಿಲ ಕಡೆ ಕೈ ತೋರಿಸಿದಳು.

"ನಮ್ ಅನ್ನ ತಿನ್ನದೋರು ನಮ್ ಸಾಲ್ನಲ್ಲಿ ಕುಂತ್ಕೋಬಾರ್ದು. ಏಳು. ಒಳ್ಳಿನ್ ತಾವ್ ಓಗಿ ಕುಂತ್ಕೊ."

ಎದ್ದೆ. ಅಳಲಿಲ್ಲ. ತಣಿಗೆ ಎತ್ತಿಕೊಂಡು ಹಿತ್ತಿಲ ಪಡಸಾಲೆಗೆ ಹೋಗಿ ಒರಳಿನ ಪಕ್ಕ ಕುಳಿತೆ. ಅಂದಿನಿಂದ ಸುಮಾರು ನಾಲ್ಕು ತಿಂಗಳು ನನ್ನ ಊಟ ಅಲ್ಲೇ. ಅಲ್ಲಿಂದ ನಡುಮನೆಯ ನಗು, ತಣಿಗೆಯ ಸದ್ದು, ಅಜ್ಜಿ ತಮ್ಮನಿಗೆ ಇನ್ನೊಂದು ತುಂಡು ಇಕ್ಕುವ ಸದ್ದು ಎಲ್ಲ ಕೇಳಿಸುತ್ತಿತ್ತು. ಮಸಾಲೆಯ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಜ್ಜಿ ಕೈಯ ಬಾಡಿನ ರುಚಿಯೇ ಬೇರೆ. ನಾನು ಅದನ್ನು ಬೇಡವೆಂದದ್ದು ಇಷ್ಟವಿಲ್ಲದೆ ಅಲ್ಲ. ಬೇಕಾಗಿದ್ದದ್ದು ಎರಡೇ: ನೋವಿಲ್ಲದ ಹೊಟ್ಟೆ, ಸಾಲಿನಲ್ಲಿ ನನ್ನ ಜಾಗ. ಎರಡೂ ಒಟ್ಟಿಗೆ ಸಿಕ್ಕುವುದಿಲ್ಲ ಎನ್ನುತ್ತಿದ್ದಳು ಅಜ್ಜಿ. ಸಿಕ್ಕೇ ಸಿಕ್ಕಬೇಕು ಎಂದು ನಾನು ಹಟ ಹಿಡಿದೆ. ಅಜ್ಜಿಯ ಮೊಮ್ಮಗಳಲ್ಲವೇ.

ಒಂದು ತಿಂಗಳಾದ ಮೇಲೆ ಒಂದು ವಿಚಿತ್ರ ನಡೆಯಿತು. ನನ್ನ ಬಸ್ಸಾರು ಇದ್ದಕ್ಕಿದ್ದಂತೆ ರುಚಿಯಾಗತೊಡಗಿತು. ಅದರ ಜೊತೆಗೆ ಹೊಟ್ಟೆ ಮತ್ತೆ ಬಿಗಿಯತೊಡಗಿತು. ಎರಡು ವಾರ ನರಳಿದೆ. ಅಜ್ಜಿಗೆ ಮಾತಿಗೊಂದು ನೆಪ ಸಿಕ್ಕಿತು. "ನೋಡ್ದಾ, ಸೊಪ್ ತಿಂದ್ರೂ ಅಷ್ಟೇ" ಎಂದು ಮನೆಗೆ ಬಂದವರಿಗೆಲ್ಲ ಹೇಳಿದಳು. ನನಗೂ ಅನುಮಾನ ಹತ್ತಿತು, ತಪ್ಪು ನನ್ನ ಹೊಟ್ಟೆಯದೇ ಇರಬೇಕು ಎಂದು. ಒಂದು ಮಧ್ಯಾಹ್ನ ಸ್ಕೂಲು ಬೇಗ ಬಿಟ್ಟಿತು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವಳು ನೋಡುತ್ತೇನೆ: ಅವ್ವ ಮಡಿಯಲ್ಲಿ ಕಳೆ ಕೀಳುತ್ತಿದ್ದಾಳೆ, ಅಜ್ಜಿ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಚೆಂಬಿನಿಂದ ನನ್ನ ಬಸ್ಸಾರಿನ ಮಡಕೆಗೆ ಏನೋ ಸುರಿಯುತ್ತಿದ್ದಾಳೆ. ಹತ್ತಿರ ಹೋದರೆ ಘಮ್ಮೆಂದಿತು. ಕುರಿಕಾಲಿನ ಸಾರು. ಒಂದು ದಿನವೆಲ್ಲ ಕುದಿಸಿ, ಮೇಲಿನ ಜಿಡ್ಡು ತೆಗೆದು, ಗುರುತು ಸಿಗದ ಹಾಗೆ ಸೋಸಿದ್ದು.

ನನಗೆ ಬಂದ ಸಿಟ್ಟು ಎಷ್ಟೆಂದರೆ, ಮಡಕೆಯನ್ನು ಕಾಲಿನಿಂದ ಒದ್ದೆ. ಬಸ್ಸಾರು ಬೂದಿಗೆ ಚೆಲ್ಲಿ ಚುರ್ರೆಂದಿತು.

"ಮೋಸ! ನೀನು ಮೋಸ ಮಾಡ್ಬುಟ್ಟೆ! ನಾನು ನೋವಿಂದ ಒದ್ದಾಡೋದು ನೋಡ್ತಾ ನೋಡ್ತಾ ಹಾಕ್ತಿದ್ಯಲ್ಲ, ನಿಂಗೆ ಕರುಳಿಲ್ವಾ?"

ಅಜ್ಜಿ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಚೆಂಬನ್ನು ಒಲೆಯ ಪಕ್ಕ ಇಟ್ಟಳು.

"ಸಾಯ್ಲಿ ಅಂತ ಆಕಿದ್ನಾ? ಬದುಕ್ಲಿ ಅಂತ ಆಕ್ದೆ. ನಿಮ್ಮಪ್ಪನ್ಗಿಂತ ಮೊದ್ಲು ನಂಗಿಬ್ರು ಇದ್ರು ಕಣಮ್ಮಿ. ಗೊತ್ತಾ ನಿಂಗೆ? ಆಗ ಈ ಮನೆ ಇಲ್ಲ, ಬಾವಿ ಇಲ್ಲ. ಬೇಲಿ ಸೊಪ್ಪು ಕಿತ್ಕೊಬಂದು ಉಪ್ಪಿಲ್ದೆ ಬೇಯ್ಸಿಕ್ತಿದ್ದೆ. ಸೊಪ್ಪು, ಸೊಪ್ಪು, ಬರೀ ಸೊಪ್ಪು. ಇಬ್ರೂ ಕಡ್ಡಿಯಾಗಿ ಓಗ್ಬುಟ್ರು. ಅವತ್ತೇ ಅಂದ್ಕೊಂಡೆ, ಇನ್ ನನ್ ಮನೆ ಮಕ್ಳಿಗೆ ಸೊಪ್ ಇಕ್ಕಲ್ಲ ಅಂತ. ನೀನು ಒಳ್ಳಿನ್ ತಾವ್ ಕುಂತು ಸೊಪ್ ತಿನ್ನೋದ್ ನೋಡಿದ್ರೆ ನಂಗೆ ನಿದ್ದೆ ಬರಲ್ಲ."

ಅದನ್ನು ಕೇಳಿ ನಾನು ಕರಗಿ ಅಜ್ಜಿಯನ್ನು ತಬ್ಬಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ನನಗೆ ಅಳು ಬಂತು, ಸಿಟ್ಟು ಹೋಗಲಿಲ್ಲ. ಆ ಮಕ್ಕಳು ಸೊಪ್ಪು ತಿಂದು ಸತ್ತದ್ದಲ್ಲ, ಬೇರೇನೂ ಇಲ್ಲದೆ ಸತ್ತದ್ದು ಎಂದು ಹೇಳುವ ತಿಳಿವಳಿಕೆಯೂ ಆಗ ಇರಲಿಲ್ಲ. ಇನ್ನು ಮೇಲೆ ನನ್ನ ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ, ನನ್ನ ಮಡಕೆ ಯಾರೂ ಮುಟ್ಟಬೇಡಿ ಎಂದೆ. ಮಾರನೆಯ ದಿನದಿಂದ ಹಾಗೇ ಮಾಡಿದೆ. ಬೆಳಿಗ್ಗೆ ಬೇಗ ಎದ್ದು ಸೊಪ್ಪು ಕಿತ್ತು, ತೊಳೆದು, ಬೇಯಿಸಿ, ಬಸಿದು, ಒರಳಿನಲ್ಲಿ ಖಾರ ಅರೆದು, ಸ್ಕೂಲಿನ ಡಬ್ಬಿಗೂ ಅದನ್ನೇ ತುಂಬಿಕೊಳ್ಳುತ್ತಿದ್ದೆ. ಕೈ ಸುಟ್ಟುಕೊಂಡೆ, ಹಿಟ್ಟು ಗಂಟುಗಂಟಾಯಿತು, ಬಸ್ಸಾರು ಒಂದು ದಿನ ಉಪ್ಪಾದರೆ ಒಂದು ದಿನ ಸಪ್ಪೆ. ಹೊಟ್ಟೆ ಮಾತ್ರ ಮತ್ತೆ ಹೇಳಿದ ಮಾತು ಕೇಳಿತು. ಅಜ್ಜಿ ನನ್ನ ಒಲೆಯ ಕಡೆ ಸುಳಿಯಲಿಲ್ಲ, ಆದರೆ ದಿನಾ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒರಳು ತೊಳೆದಿರುತ್ತಿತ್ತು.

ಇನ್ನು ಸ್ಕೂಲಿನದು. ನಾನು ಓದುತ್ತಿದ್ದದ್ದು ಪೇಟೆಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ. ಮಧ್ಯಾಹ್ನ ಊಟಕ್ಕೆ ನಾವೆಲ್ಲ ವರಾಂಡದಲ್ಲಿ ಸಾಲಾಗಿ ಕೂರುತ್ತಿದ್ದೆವು. ಯಾರೂ ಹೇಳಿರಲಿಲ್ಲ, ಆದರೂ ಮೊಸರನ್ನದ ಡಬ್ಬಿಯವರೆಲ್ಲ ಕ್ಲಾಸಿನ ಬಾಗಿಲ ಕಡೆ, ನಮ್ಮಂಥವರು ನಲ್ಲಿಯ ಕಡೆ. ನಾನು, ನಮ್ಮ ಕೆಸರೆಯ ಗೆಳತಿ ನಂಜಮ್ಮಣ್ಣಿ ಯಾವಾಗಲೂ ನಲ್ಲಿಯ ಪಕ್ಕ. ನಮ್ಮ ಕ್ಲಾಸಿನ ಲಲಿತಮ್ಮ ಟೀಚರು ಒಂದು ದಿನ ಸಾಲಿನುದ್ದಕ್ಕೂ ನಡೆದುಬಂದವರು ನನ್ನ ಡಬ್ಬಿಯ ಮುಂದೆ ನಿಂತರು. ದಿನಾ ಸೊಪ್ಪೇ ತರುತ್ತೀಯಲ್ಲ ಎಂದರು. ಬಾಡು ಬಿಟ್ಟಿದ್ದೇನೆ ಟೀಚರ್ ಎಂದೆ. ಅವರ ಮುಖ ಅರಳಿತು. ನನ್ನ ಕೈ ಹಿಡಿದು ಎಬ್ಬಿಸಿ ಬಾಗಿಲ ಕಡೆ, ಮೊಸರನ್ನದವರ ಸಾಲಿನಲ್ಲಿ ಕೂರಿಸಿದರು. ನನಗೆ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ನಾಲ್ಕು ತಿಂಗಳಿಂದ ಯಾರೂ ನನ್ನನ್ನು ಯಾವ ಸಾಲಿಗೂ ಕರೆದಿರಲಿಲ್ಲ. ಊಟವಾದ ಮೇಲೆ ಕ್ಲಾಸಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿದರು.

"ಗೌರಿಯನ್ನ ನೋಡಿ ಕಲೀರಿ. ಅಂಥವರಲ್ಲಿ ಹುಟ್ಟಿದ್ರೂ ಎಷ್ಟು ಒಳ್ಳೆ ಸಂಸ್ಕಾರ. ಆ ಕೊಳಕನ್ನೆಲ್ಲ ತಾನೇ ಬಿಟ್ಟಿದ್ದಾಳೆ. ಎಲ್ಲಾರೂ ಚಪ್ಪಾಳೆ ತಟ್ಟಿ."

ಚಪ್ಪಾಳೆ ಬಿತ್ತು. ನಂಜಮ್ಮಣ್ಣಿ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು, ಅವಳ ಕೈ ಆಡಲಿಲ್ಲ. ಅವಳ ಡಬ್ಬಿಯಲ್ಲಿ ಅವತ್ತು ಒಣಮೀನಿನ ಗೊಜ್ಜಿತ್ತು. ಆಗ ನನಗೆ ಹೊಳೆಯಿತು, ಅಜ್ಜಿ ಕೇಳಿದ ನಾಚಿಕೆ ಎನ್ನುವ ಮಾತು ಎಲ್ಲಿಂದ ಬಂದದ್ದು ಎಂದು. ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವಾಗ ನಮ್ಮ ಕೈ ತಾಕದ ಹಾಗೆ ಸೆರಗು ಎಳೆದುಕೊಳ್ಳುವವರನ್ನು ಅಜ್ಜಿ ಜೀವಮಾನವಿಡೀ ನೋಡಿದ್ದಳು. ನಾನು ಅವರ ಕಡೆ ಹೋಗುತ್ತಿದ್ದೇನೆ ಎಂದು ಹೆದರಿದ್ದಳು. ನನ್ನ ಕಿವಿ ಕಾದುಹೋದವು.

"ಬಾಡು ಕೊಳಕಲ್ಲ ಟೀಚರ್. ನಮ್ಮಜ್ಜಿ ಏಳು ನೀರು ಬದಲಾಯಿಸಿ ತೊಳೀತಾರೆ. ಕೆಟ್ಟಿರೋದು ನನ್ನ ಹೊಟ್ಟೆ. ಅದು ಸರಿಯಿದ್ದಿದ್ರೆ ನಾನು ಇವತ್ತೂ ತಿಂತಿದ್ದೆ. ಸಂಸ್ಕಾರಗಿಂಸ್ಕಾರ ಏನೂ ಇಲ್ಲ."

ಟೀಚರ ಮುಖ ಕೆಂಪಗಾಗಿ, ಒಳ್ಳೆ ಮಾತು ಹೇಳಿದರೆ ಎದುರಾಡುತ್ತೀಯಾ, ಹುಟ್ಟಿನಿಂದ ಬಂದ ಬುದ್ಧಿ ಎಲ್ಲಿಗೆ ಹೋಗುತ್ತದೆ ಎಂದು ಬೈದು, ಸಂಜೆಯವರೆಗೆ ವರಾಂಡದಲ್ಲಿ ನಿಲ್ಲಿಸಿದರು. ಮಾರನೆಯ ದಿನ ಊಟಕ್ಕೆ ನಾನಾಗಿಯೇ ಬಾಗಿಲ ಕಡೆಯ ಸಾಲಿಗೆ ಹೋಗಲಿಲ್ಲ; ಹೋಗಿದ್ದರೂ ಎಬ್ಬಿಸುತ್ತಿದ್ದರು, ಹಾಗೆಂದು ಮೊದಲೇ ಹೇಳಿ ಕಳಿಸಿದ್ದರು. ನಲ್ಲಿಯ ಪಕ್ಕ ಡಬ್ಬಿ ಬಿಚ್ಚಿದೆ. ನಂಜಮ್ಮಣ್ಣಿ ಏನೂ ಮಾತಾಡದೆ ತನ್ನ ಡಬ್ಬಿಯನ್ನು ನನ್ನ ಡಬ್ಬಿಗೆ ತಾಗಿಸಿ ಇಟ್ಟಳು. ಅವಳ ಬಾಯಿ ಅಲ್ಲಿ ಮುಚ್ಚಿದ್ದರೂ ಕೆಸರೆಯಲ್ಲಿ ಮುಚ್ಚಲಿಲ್ಲ. ನಾನು ಟೀಚರಿಗೆ ಹೇಳಿದ್ದನ್ನೆಲ್ಲ, ನಾನು ಹೇಳದೇ ಇದ್ದದ್ದನ್ನೂ ಸೇರಿಸಿ, ನಮ್ಮ ಜಗಲಿಯ ಮೇಲೆ ಕುಳಿತು ಅಜ್ಜಿಗೆ ಒದರಿದಳು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಅಜ್ಜಿ ಎಲೆಯಡಿಕೆ ಉಗುಳಿ ಎದ್ದುಹೋದಳು.

ಅದಾಗಿ ವಾರಕ್ಕೆ ಮಾರಲಮಿ ಬಂತು. ತೀರಿಕೊಂಡವರಿಗೆ ಎಡೆ ಇಕ್ಕುವ ಹಬ್ಬ. ಬದುಕಿದ್ದಾಗ ಅವರವರು ಇಷ್ಟಪಟ್ಟು ಉಂಡದ್ದನ್ನು ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆಳೆದುಕೊಂಡು ಮನೆಯವರೆಲ್ಲ ಹೊರಗೆ ಜಗಲಿಯಲ್ಲಿ ಕೂರಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಎಡೆಯದನ್ನು ಎಲ್ಲರೂ ಹಂಚಿಕೊಂಡು ಸಾಲಿನಲ್ಲಿ ಕುಳಿತು ಉಣ್ಣಬೇಕು. ಎಡೆ ಉಣ್ಣದವರು ಆ ಮನೆಯವರಲ್ಲ ಎಂದು ಲೆಕ್ಕ. ತಾತನಿಗೆ ಪ್ರತಿ ವರ್ಷ ಬಾಡು, ಬೋಟಿ, ಕಡುಬು, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಎರಡು ಚಿಕ್ಕ ಎಲೆ. ಅದು ಯಾರದೆಂದು ನಾನು ಯಾವತ್ತೂ ಕೇಳಿರಲಿಲ್ಲ, ಈಗ ಕೇಳಬೇಕಾಗಿಯೂ ಇರಲಿಲ್ಲ. ಅವತ್ತು ಸಂಜೆ ನಾನು ಹಿತ್ತಿಲಲ್ಲಿ ನನ್ನ ಮಡಕೆಯ ಮುಂದೆ ಕುಳಿತಿದ್ದೆ. ಈ ಸಲ ಏನಾಗುತ್ತದೋ ಎಂದು ಹೆದರಿಕೆಯಾಗಿತ್ತು. ಸಾಲಿನಿಂದ ಎಬ್ಬಿಸಿದ್ದು ಒಂದು, ಮನೆಯವಳೇ ಅಲ್ಲ ಎನ್ನುವುದು ಇನ್ನೊಂದು. ಅಜ್ಜಿ ಬಂದು ಬಾಗಿಲಲ್ಲಿ ನಿಂತಳು.

"ಏನ್ ಮಾಡಿದ್ಯಮ್ಮಿ ಇವತ್ತು?"

"ಕೀರೆಸೊಪ್ಪು, ಹೆಸರುಕಾಳು."

"ಉಪ್ಪು ಆಕಿದ್ಯಾ?"

"ಹಾಕಿದೀನಿ."

"ತಕ್ಕೊಂಡ್ ಬಾ ಒಳಕ್ಕೆ. ಆ ಎರಡೆಲೆಗೆ ಇಕ್ಕು. ಇಷ್ಟ್ ವರ್ಸ ಬಾಡೇ ಇಕ್ತಿದ್ದೆ. ಅವು ಬಾಡಿನ್ ರುಚಿ ಕಂಡಿದ್ರೆ ತಾನೇ ತಿನ್ನಕ್ಕೆ? ಎಲೆ ನೋಡ್ಕೊಂಡು ಅಂಗೇ ಎದ್ದೋಯ್ತಿದ್ವೇನೋ ಕಂದಮ್ಮಗಳು. ಅವು ಉಂಡಿದ್ದು ಸೊಪ್ಪೇಯ. ಉಪ್ಪಿರೋ ಸೊಪ್ ತಿನ್ಲಿ ಬುಡು ಒಂದ್ ದಿನ."

ನನಗೆ ಕಣ್ಣು ಮಂಜಾಗಿ ಮಡಕೆ ಕಾಣಿಸಲಿಲ್ಲ. ಒಳಗೆ ಹೋಗಿ ಎರಡು ಚಿಕ್ಕ ಎಲೆಗಳಿಗೆ ಸೊಪ್ಪಿನ ಪಲ್ಯ, ಒಂದೊಂದು ಪುಟ್ಟ ಹಿಟ್ಟು, ಅದರ ಮೇಲೆ ಬಸ್ಸಾರು ಇಕ್ಕಿದೆ. ಅವ್ವ ಬಾಗಿಲ ಹಿಂದೆ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ನಾವೆಲ್ಲ ಜಗಲಿಗೆ ಬಂದು ಕುಳಿತೆವು. ಅಪ್ಪ ಕೆಮ್ಮಿ ಬಾಗಿಲು ತೆಗೆದ ಮೇಲೆ ನಡುಮನೆಯಲ್ಲಿ ಸಾಲು ಕುಳಿತಿತು. ನಾನು ರೂಢಿಯಂತೆ ತಣಿಗೆ ಎತ್ತಿಕೊಂಡು ಒರಳಿನ ಕಡೆ ಹೊರಟೆ. ಅಜ್ಜಿ ಗದರಿದಳು.

"ಎಲ್ಲಿಗ್ ಓಯ್ತೀಯೇ? ಕುಂತ್ಕೊ ಇಲ್ಲಿ."

ಅಪ್ಪನ ಪಕ್ಕ ಕುಳಿತೆ. ಅಜ್ಜಿ ಆ ಎರಡು ಎಲೆಯ ಸೊಪ್ಪನ್ನು ಮೊದಲು ನನಗೆ ಇಕ್ಕಿದಳು, ಆಮೇಲೆ ಅಪ್ಪನಿಗೆ, ಚಿಕ್ಕಪ್ಪನಿಗೆ, ಎಲ್ಲರಿಗೂ ಒಂದೊಂದು ತುತ್ತು. ನಮ್ಮ ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಸೊಪ್ಪು ತಿಂದದ್ದು ಅದೇ ಮೊದಲು. ಅಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಆಮೇಲೆ ತಾತನ ಎಡೆಯ ಬಾಡು ಬಂತು. ಅಜ್ಜಿ ಸೌಟು ಹಿಡಿದು ನನ್ನ ಮುಂದೆ ನಿಂತಳು. ಇಕ್ಕಲೂ ಇಲ್ಲ, ಮುಂದಕ್ಕೆ ಹೋಗಲೂ ಇಲ್ಲ. ತಿನ್ನು ಎಂದು ಹೇಳಿದ್ದರೆ ನಾನು ಖಂಡಿತ ಬೇಡವೆನ್ನುತ್ತಿದ್ದೆ. ಅವಳು ಹೇಳಲಿಲ್ಲ. ನಾನೇ ತಣಿಗೆಯನ್ನು ಮುಂದಕ್ಕೆ ತಳ್ಳಿದೆ.

"ಒಂದು ತುಂಡು ಅಜ್ಜಿ. ತಾತಂದು. ಒಂದೇ."

ಒಂದೇ ಇಕ್ಕಿದಳು. ಅವಳ ಜೀವಮಾನದಲ್ಲಿ ಯಾರಿಗೂ ಒಂದೇ ತುಂಡು ಇಕ್ಕಿದವಳಲ್ಲ. ಅದನ್ನು ನಾನು ನಿಧಾನವಾಗಿ, ಮೂಳೆ ಚೀಪಿ, ಬೆರಳು ನೆಕ್ಕಿ ತಿಂದೆ. ಎರಡು ದಿನ ಹೊಟ್ಟೆ ನೋಯಿತು. ಅಜ್ಜಿ ಹರಳೆಣ್ಣೆ ತರಲಿಲ್ಲ, ಮಜ್ಜಿಗೆ ತಂದುಕೊಟ್ಟಳು. ಒರಳಿನ ಪಕ್ಕ ಮತ್ತೆ ನಾನು ಉಣ್ಣಲು ಕೂರಲಿಲ್ಲ. ಅಜ್ಜಿ ಮಾತ್ರ ಸಾಯುವವರೆಗೂ ಬಾಡು ಬಿಡಲಿಲ್ಲ, ನನ್ನ ಬಸ್ಸಾರಿಗೆ ಹುಳಿ ಸಾಲದು ಎನ್ನುವುದನ್ನೂ ಬಿಡಲಿಲ್ಲ.

ಇಷ್ಟು ವರ್ಷಗಳಲ್ಲಿ ನಾನು ಉಂಡದ್ದು ಸೊಪ್ಪು, ಕಾಳು, ಹಿಟ್ಟು, ಮಜ್ಜಿಗೆ. ನನ್ನ ಹೊಟ್ಟೆ ನನ್ನ ಮಾತು ಕೇಳಿಕೊಂಡಿದೆ. ಎಲ್ಲರೂ ಹೀಗೇ ತಿನ್ನಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅವರವರ ಹೊಟ್ಟೆ ಅವರವರದು. ವರ್ಷಕ್ಕೊಂದು ದಿನ, ಮಾರಲಮಿಯಲ್ಲಿ, ವಿಜಯನಗರದ ನನ್ನ ಮನೆಯ ಗ್ಯಾಸ್ ಒಲೆಯ ಮೇಲೆ ಬಾಡು ಬೇಯುತ್ತದೆ. ಎರಡು ಚಿಕ್ಕ ಎಲೆಗೆ ಕೀರೆಸೊಪ್ಪು, ಚಿಕ್ಕತಾಯಮ್ಮನ ಎಲೆಗೆ ನಲ್ಲಿಮೂಳೆ. ಅವಳ ಎಡೆಯಿಂದ ನಾನು ಒಂದು ತುಂಡು ತಿನ್ನುತ್ತೇನೆ. ಮಗ ಬೈಯುತ್ತಾನೆ, ಡಾಕ್ಟರು ಬೈಯುತ್ತಾರೆ, ಎರಡು ದಿನ ಹೊಟ್ಟೆ ನೋಯುತ್ತದೆ. ನೋಯಲಿ.

ಛತ್ರದಲ್ಲಿ ಆ ಹೆಂಗಸು ಇನ್ನೂ ನನ್ನ ತೋಳು ಹಿಡಿದೇ ಇದ್ದಳು. ನಾನು ವೆಜ್ಜಲ್ಲ ಕಣಮ್ಮ, ಈ ಸಾಲು ಬಿಟ್ಟು ಏಳುವುದೂ ಇಲ್ಲ, ಮೇಲಿನಿಂದ ಒಂದು ಸೌಟು ಸೊಪ್ಪಿನ ಪಲ್ಯ ಇಲ್ಲಿಗೇ ತರಿಸು ಎಂದೆ. ಅವಳು ಕಕ್ಕಾಬಿಕ್ಕಿಯಾದಳು.

"ವೆಜ್ಜಲ್ಲ ಅಂದ್ರೆ ಮತ್ತೆ ಬಾಡು ಯಾಕಜ್ಜಿ ಬೇಡ ಅಂದ್ರಿ?"

"ಇವತ್ತು ಮಾರಲಮಿ ಅಲ್ವಲ್ಲಮ್ಮ" ಎಂದೆ.